ಸಾಲಿನ ಯೋಗಕ್ಷೇಮ

ಕಣ್ಣಾಸ್ಪತ್ರೆಯ ಹೊರರೋಗಿಗಳ ಕಿಟಕಿಯಲ್ಲಿ ಇಪ್ಪತ್ತೆರಡು ವರ್ಷ ಕುಳಿತು, ಕಡ್ಡಿಯಂತಹ ಮೈಯೊಳಗಿಂದ ಕಹಳೆಯಂತಹ ದನಿ ಹೊರಡಿಸಿ, ಬಂದ ಜನವನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿದ ಹೆಂಗಸಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಮನುಷ್ಯರೇ ಇಲ್ಲದ ಸಾಲೊಂದನ್ನು ಕಾಯುವ ಕೆಲಸ ಒದಗಿಬಂದಿತು. ಆಸ್ಪತ್ರೆಯವರು ಕಿಟಕಿಯನ್ನು ಮುಚ್ಚಿ ವೆಬ್‌ಸೈಟನ್ನು ತೆರೆದಿದ್ದರು. ಆ ವೆಬ್‌ಸೈಟನ್ನು ನಡೆಸುವ ಕಂಪನಿಯ ಮಾಲೀಕರು, ಕಿಟಕಿಯೊಂದಿಗೆ ಆಕೆಯನ್ನೂ ಮುಚ್ಚಿಬಿಡುವುದು ಧರ್ಮವಲ್ಲವೆಂದು ಬಗೆದೋ, ಆಕೆಯ ಬಾಯಿಗೆ ಅಂಜಿಯೋ, ತಮ್ಮ ಕಚೇರಿಯಲ್ಲಿ ಒಂದು ಕುರ್ಚಿಯನ್ನು ಕೊಟ್ಟರು. ಆಸ್ಪತ್ರೆಯಲ್ಲಿ ಅಂಟಿಕೊಂಡಿದ್ದ ‘ಕ್ಯೂ ಅಕ್ಕ’ ಎಂಬ ಅಡ್ಡಹೆಸರು ಆಕೆಗಿಂತ ಎರಡು ದಿನ ಮೊದಲೇ ಹೊಸ ಕಚೇರಿಯನ್ನು ಸೇರಿತ್ತು.

ಆ ಉದ್ಯೋಗದ ಸ್ವರೂಪವನ್ನು ತಿಳಿಯಬೇಕಾದರೆ ದರ್ಜಿಯ ಅಂಗಡಿಯನ್ನು ನೆನೆಯಬೇಕು. ಮುಂದೆ ಕುಳಿತವನು ಬಟ್ಟೆಯನ್ನು ತೆಗೆದುಕೊಂಡು, ಅಳತೆ ಬರೆದು, ನಗುಮುಖದಿಂದ ಗಿರಾಕಿಯನ್ನು ಕಳುಹಿಸಿಬಿಡುತ್ತಾನೆ. ಹೊಲಿಗೆಯೆಲ್ಲ ಒಳಗಿನ ಕೋಣೆಯಲ್ಲಿ, ಗಿರಾಕಿಯ ಕಣ್ಣಿಗೆ ಬೀಳದಂತೆ ನಡೆಯುತ್ತದೆ. ವೆಬ್‌ಸೈಟಿನ ರೀತಿಯೂ ಅದೇ. ರೋಗಿಯು ವೈದ್ಯರ ಸಮಯವನ್ನು ಕಾದಿರಿಸಿದೊಡನೆ ಪರದೆಯು ‘ಆಯಿತು’ ಎನ್ನುತ್ತದೆ. ಆದರೆ ಅವನಿಗೆ ಮೆಸೇಜು ಕಳುಹಿಸುವುದು, ಚೀಟಿ ಸಿದ್ಧಪಡಿಸುವುದು, ಹೊತ್ತಿಗೆ ಸರಿಯಾಗಿ ನೆನಪಿಸುವುದು ಮುಂತಾದ ಕೆಲಸಗಳು ಒಂದರ ಹಿಂದೆ ಒಂದು ನಿಂತು, ಸರ್ವರಿನೊಳಗಿನ ಎಂಟು ಪ್ರೋಗ್ರಾಮುಗಳ ಕೈಗೆ ಸರದಿಯಂತೆ ಸಿಗುತ್ತವೆ. ಈ ಎಂಟನ್ನು ಕಚೇರಿಯಲ್ಲಿ ‘ಆಳುಗಳು’ ಎನ್ನುತ್ತಿದ್ದರು. ಸಾಲು ಎಷ್ಟುದ್ದವಿದೆ, ಆಳುಗಳು ದುಡಿಯುತ್ತಿರುವರೇ, ಯಾವ ಕೆಲಸವಾದರೂ ನಡುವೆ ಮುಗ್ಗರಿಸಿತೇ ಎಂಬುದನ್ನು ನೋಡುತ್ತಿರುವುದೇ ಅಕ್ಕನ ಕರ್ತವ್ಯ.

ಆಕೆಗೆ ಇದು ಸ್ವರ್ಗಸದೃಶವಾಗಿತ್ತು. ಆಸ್ಪತ್ರೆಯಲ್ಲಿ ಕುಳಿತದ್ದು ಬೆನ್ನಿಲ್ಲದ ಸ್ಟೂಲಿನ ಮೇಲೆ; ಇಲ್ಲಿಯ ಕುರ್ಚಿಗೆ ಬೆನ್ನಿತ್ತು, ಕೈಯಿತ್ತು, ಐದು ಚಕ್ರಗಳಿದ್ದುವು. ಅದಕ್ಕಿಂತ ಮಿಗಿಲಾದ ಸೌಖ್ಯವೆಂದರೆ, ಈ ಸಾಲಿನಲ್ಲಿ ನಿಂತವರು ಬೈಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ತಾನು ಹುಟ್ಟಿದ ಗಳಿಗೆಯ ವಿಚಾರವಾಗಿ ಅಪರಿಚಿತರ ಅಭಿಪ್ರಾಯವನ್ನು ಕೇಳಿದ ಕಿವಿಗಳಿಗೆ ಆ ಮೌನವು ಅಮೃತದಂತಿತ್ತು. ಆ ಮೌನವನ್ನು ತುಂಬಲು ಆಕೆಯೇ ಮಾತನಾಡುತ್ತಿದ್ದಳು. “ನೀನು ಬಾರಪ್ಪ, ನಿನ್ ಸರದಿ. ಏಯ್, ನೀನ್ಯಾಕೆ ಎರಡು ಸಲ ನಿಂತಿದೀಯಾ?” ಎಂದು ಪರದೆಯ ಮೇಲಿನ ಗೆರೆಗಳನ್ನು ಗದರಿಸುವುದು ದಿನವಿಡೀ ಕೇಳುತ್ತಿತ್ತು.

ಆ ಪ್ರೋಗ್ರಾಮುಗಳನ್ನೆಲ್ಲ ಬರೆದ ಇಂಜಿನಿಯರು ನಲವತ್ತೆಂಟು ವಯಸ್ಸಿನ ಗೃಹಸ್ಥರು. ಮಾತನ್ನು ಔಷಧಿಯಂತೆ ಹನಿ ಎಣಿಸಿ ಬಳಸುವವರು. ಅಕ್ಕನ ಪ್ರಶ್ನೆಗಳಿಂದ ಪಾರಾಗಲೆಂದೇ ಅವರು ಆಕೆಯ ಪರದೆಯಲ್ಲಿ ‘ಕ್ಷೇಮವೇ?’ ಎಂಬ ಬಟನ್ನೊಂದನ್ನು ಇಟ್ಟುಕೊಟ್ಟಿದ್ದರು. ಅದನ್ನು ಒತ್ತಿದರೆ ಒಂದು ವಿಚಾರಣೆಯು ಸಾಲಿನ ಕಟ್ಟಕಡೆಗೆ ಹೋಗಿ ನಿಂತು, ಉಳಿದ ಕೆಲಸಗಳಂತೆಯೇ ಸರದಿ ಕಾದು, ಆಳಿನ ಕೈಯನ್ನು ಹಾಯ್ದು, ‘ಎಲ್ಲವೂ ಕ್ಷೇಮ, ಇಷ್ಟು ಹೊತ್ತು ಕಾದೆ’ ಎಂಬ ವರದಿಯೊಡನೆ ಮರಳುತ್ತಿತ್ತು. ಅಕ್ಕನಿಗೆ ಅದು ಬಹಳ ಹಿಡಿಸಿತು. ಅದನ್ನು ಕಂಡ ಮಾಲೀಕರು ತಮ್ಮ ಫೋನಿಗೂ ಹೆಂಡತಿಯ ಫೋನಿಗೂ ಒಂದೊಂದನ್ನು ಹಾಕಿಸಿಕೊಂಡರು.

ಹೀಗೆ ಎಂಟು ತಿಂಗಳು ಸುಖವಾಗಿ ಕಳೆದ ಮೇಲೆ, ಹನ್ನೆರಡು ಹಲ್ಲಿನ ಕ್ಲಿನಿಕ್ಕುಗಳನ್ನು ಒಬ್ಬರೇ ಆಳುತ್ತಿದ್ದ ಡಾಕ್ಟರಮ್ಮನೊಬ್ಬರು ಈ ಕಂಪನಿಯ ಗಿರಾಕಿಗಳಾದರು. ಸಾಲು ಸ್ವಲ್ಪ ಬೆಳೆಯಿತು. ಮೆಸೇಜುಗಳು ಮೊದಲು ಐದು ನಿಮಿಷ, ಆಮೇಲೆ ಅರ್ಧ ಗಂಟೆ, ಮೂರನೆಯ ವಾರದಲ್ಲಿ ಮೂರು ಗಂಟೆ ತಡವಾಗಿ ಹೋಗತೊಡಗಿದುವು.

ಆ ಸೋಮವಾರ ಒಬ್ಬ ನಿವೃತ್ತ ಅಂಚೆ ನೌಕರರು ಬೆಳಿಗ್ಗೆ ಹತ್ತಕ್ಕೆ ಹಲ್ಲು ಕೀಳಿಸಿಕೊಂಡು, ದವಡೆಯಲ್ಲಿ ಹತ್ತಿಯನ್ನು ಒತ್ತಿ ಹಿಡಿದು, ಮಧ್ಯಾಹ್ನ ಮನೆಯಲ್ಲಿ ಮಲಗಿದ್ದಾಗ ಅವರ ಫೋನಿಗೆ ‘ನಿಮ್ಮ ಹಲ್ಲು ಕೀಳುವ ಸಮಯವಾಗಿದೆ, ಕೂಡಲೇ ಬನ್ನಿ’ ಎಂಬ ಮೆಸೇಜು ತಲಪಿತು. ಅಂಚೆಯಲ್ಲಿ ಮೂವತ್ತು ವರ್ಷ ದುಡಿದ ಆ ಮಹಾನುಭಾವರಿಗೆ ಲಿಖಿತರೂಪದಲ್ಲಿ ಬಂದ ಆಜ್ಞೆಯನ್ನು ಸಂಶಯಿಸುವ ಅಭ್ಯಾಸವಿರಲಿಲ್ಲ. ಬೆಳಿಗ್ಗೆ ಕಿತ್ತದ್ದು ಬೇರೆ ಹಲ್ಲಿರಬೇಕೆಂದು ಭಾವಿಸಿ ಹಿಂದಿರುಗಿ ಹೋಗಿ, ಕುರ್ಚಿಯಲ್ಲಿ ಒರಗಿ ಬಾಯಿ ತೆರೆದರು. ಹೊಸದಾಗಿ ಸೇರಿದ್ದ ನರ್ಸು ಇನ್ನೊಂದು ಇಂಜೆಕ್ಷನ್ನನ್ನೂ ಕೊಟ್ಟುಬಿಟ್ಟಳು. ಡಾಕ್ಟರಮ್ಮ ಬಂದು ಗುರುತಿಸುವಷ್ಟರಲ್ಲಿ ಅವರ ಮುಖದ ಎರಡು ಪಕ್ಕಗಳೂ ಮರಗಟ್ಟಿ, ಆದದ್ದನ್ನು ವಿವರಿಸಲು ಕೈಸನ್ನೆಯೊಂದೇ ಉಳಿದಿತ್ತು.

ಡಾಕ್ಟರಮ್ಮನ ಫೋನು ಬಂದ ಅರ್ಧ ಗಂಟೆಯಲ್ಲಿ ಮಾಲೀಕರು ಅಕ್ಕನ ಕುರ್ಚಿಯ ಪಕ್ಕಕ್ಕೆ ಬಂದು ನಿಂತರು.

“ಅಕ್ಕಾ, ಶುಕ್ರವಾರ ಡಾಕ್ಟರಮ್ಮ ಖುದ್ದಾಗಿ ಬರ್ತಾರಂತೆ. ಅಷ್ಟರಲ್ಲಿ ಮೆಸೇಜು ಒಂದು ನಿಮಿಷದೊಳಗೆ ಹೋಗೋ ಹಾಗಾಗಬೇಕು. ಇಲ್ಲಾಂದ್ರೆ ಹನ್ನೆರಡು ಕ್ಲಿನಿಕ್ಕೂ ಎತ್ಕೊಂಡು ಹೋಗ್ತಾರೆ. ಅವರು ಹೋದ್ರೆ ಈ ಕುರ್ಚೀನೂ ಹೋಗುತ್ತೆ.”

“ಕುರ್ಚಿ ಏನ್ ತಪ್ಪು ಮಾಡ್ತು ಸಾರ್?”

“ತಪ್ಪು ಅಂತಲ್ಲ. ಸಾಲು ಉದ್ದ ಆದ್ರೆ ತಾನೇ ಹೊಡ್ಕೊಳ್ಳೋ ಅಲಾರಂ ಬಂದಿದೆ. ಅದು ಚಹಾ ಕೇಳಲ್ಲ, ರಜೆ ಕೇಳಲ್ಲ.”

“ಮಾತೂ ಆಡಲ್ಲ,” ಎಂದು ಇಂಜಿನಿಯರು ತಮ್ಮ ಮೂಲೆಯಿಂದ ಸೇರಿಸಿದರು. ಅವರ ದೃಷ್ಟಿಯಲ್ಲಿ ಅದು ಪರಮಗುಣ.

ಮಂಗಳವಾರ ಇಂಜಿನಿಯರು ನಾಲ್ಕು ಹೊಸ ಆಳುಗಳನ್ನು ನೇಮಿಸಿದರು. ಎಂಟು ಹನ್ನೆರಡಾಯಿತು. ಹನ್ನೆರಡಾದ ಮೇಲೆ ಸಾಲು ಕರಗಬೇಕಲ್ಲವೇ? ಬೆಳಿಗ್ಗೆ ಕರಗಿದಂತೆ ಕಂಡು, ಸಂಜೆಯ ಹೊತ್ತಿಗೆ ಮೊದಲಿಗಿಂತ ಉದ್ದವಾಯಿತು. ಪರದೆ ಮಾತ್ರ ಹಸಿರು ಹಸಿರಾಗಿ ಶೋಭಿಸುತ್ತಿತ್ತು.

“ಒಂದೂ ಫೇಲ್ ಆಗಿಲ್ಲ,” ಎಂದರು ಇಂಜಿನಿಯರು.

“ಫೇಲ್ ಆಗಿಲ್ಲ ಸರಿ, ಆದ್ರೆ ಜನಕ್ಕೆ ಮೆಸೇಜು ಹೋಗ್ತಿಲ್ವಲ್ಲಪ್ಪಾ?”

“ಆಳುಗಳು ಒಂದು ಕ್ಷಣಾನೂ ಸುಮ್ನೆ ಕೂತಿಲ್ಲ ಅಕ್ಕಾ.”

“ಹಾಗಾದ್ರೆ ಏನ್ ಮಾಡ್ತಿದಾರೆ?”

ಇಂಜಿನಿಯರು ಆಲೋಚಿಸಿದರು. ಎಷ್ಟು ಕೆಲಸಗಳಿವೆ, ಎಷ್ಟು ಮುಗಿದುವು, ಎಷ್ಟು ಸೋತುವು ಎಂಬ ಸಂಖ್ಯೆಗಳು ಅವರಿಗೆ ಕಂಠಪಾಠವಾಗಿದ್ದುವು. ಯಾವ ಕೆಲಸ ಎಂಬುದನ್ನು ಯಾರೂ ಈವರೆಗೆ ಕೇಳಿರಲಿಲ್ಲ.

ಅಕ್ಕನಿಗೆ ಆಗ ಆಸ್ಪತ್ರೆಯ ತನ್ನ ಹಳೆಯ ಕ್ರಮವು ನೆನಪಾಯಿತು. ಅಲ್ಲಿ ಸಾಲು ಸರಿಯದೆ ನಿಂತಾಗ ಆಕೆ ಕಿಟಕಿಯೊಳಗೆ ಕುಳಿತು ಕೂಗುತ್ತಿರಲಿಲ್ಲ. ಪಕ್ಕದ ಬಾಗಿಲಿನಿಂದ ಹೊರಬಂದು, ಬಾಲದಿಂದ ತಲೆಯವರೆಗೆ ನಡೆಯುತ್ತ, ಒಬ್ಬೊಬ್ಬರನ್ನೂ ‘ನಿಮಗೇನಾಗ್ಬೇಕು?’ ಎಂದು ಕೇಳುತ್ತಿದ್ದಳು. ಹತ್ತು ಜನರಲ್ಲಿ ನಾಲ್ವರು ಕಣ್ಣು ತೋರಿಸಲು ಬಂದವರಾಗಿರುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಆಕೆ ಇಂಜಿನಿಯರ ಮೇಜಿಗೆ ಹೋಗಿ, “ಈಗ ಸಾಲಲ್ಲಿ ಎಷ್ಟಿವೆ?” ಎಂದು ಕೇಳಿದಳು.

“ಆರುನೂರ ನಲವತ್ತು.”

“ಅಷ್ಟೂ ಕಾಗದದ ಮೇಲೆ ಕೊಡಿ. ಯಾವ ಕೆಲಸ, ಯಾರು ಕಳಿಸಿದ್ದು, ಎಲ್ಲಾ ಇರ್ಲಿ.”

“ಒಂದೊಂದಾಗಿ ಓದ್ತೀರಾ? ಯಾರೂ ಹಾಗೆ ಓದಲ್ಲ ಅಕ್ಕಾ.”

“ಅದಕ್ಕೇ ಗೊತ್ತಾಗಿಲ್ಲ.”

ಹದಿನಾರು ಹಾಳೆಗಳು ಬಂದುವು. ಅಕ್ಕ ಕೆಂಪು ಪೆನ್ಸಿಲನ್ನು ಚೂಪುಮಾಡಿಕೊಂಡು, ಕಟ್ಟಕಡೆಯ ಹಾಳೆಯ ಕಟ್ಟಕಡೆಯ ಗೆರೆಯಿಂದ ಹೊರಟಳು. ‘ಕ್ಷೇಮವೇ?’ ಎಂದಿತ್ತು. ಅದರ ಮೇಲಿನದೂ ಕ್ಷೇಮವೇ. ಅದರ ಮೇಲೆ ಮತ್ತೆರಡು ಕ್ಷೇಮವೇ. ಆಮೇಲೆ ಯಾರದೋ ಹಲ್ಲಿನ ಬೇರುನಾಳದ ಚಿಕಿತ್ಸೆಯ ನೆನಪೋಲೆ, ಪಾಪ, ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನಂತೆ ಒಂಟಿಯಾಗಿ ನಿಂತಿತ್ತು. ಅದರಾಚೆ ಮತ್ತೆ ಏಳು ಕ್ಷೇಮವೇ. ಸಂಜೆ ನಾಲ್ಕಕ್ಕೆ ಆಕೆ ಸಾಲಿನ ತಲೆಯನ್ನು ಮುಟ್ಟಿದಾಗ ಲೆಕ್ಕ ಹೀಗಿತ್ತು: ರೋಗಿಗಳ ಕೆಲಸ ನೂರ ಎಂಬತ್ತೆಂಟು; ಸಾಲಿನ ಯೋಗಕ್ಷೇಮವನ್ನು ವಿಚಾರಿಸಲೆಂದೇ ಸಾಲಿನಲ್ಲಿ ನಿಂತವು ನಾನೂರ ಐವತ್ತೆರಡು.

ಇಂಜಿನಿಯರನ್ನು ಕರೆದು ಏನನ್ನೂ ತೋರಿಸದೆ, “ಆ ಬಟನ್ ಒಂದ್ಸಲ ಒತ್ತಿದ್ರೆ ಒಂದೇ ತಾನೇ ಹೋಗೋದು?” ಎಂದು ಕೇಳಿದಳು.

“ಒಂದು ನಿಮಿಷದಲ್ಲಿ ಉತ್ತರ ಬರದಿದ್ರೆ, ಕಳೆದುಹೋಯ್ತು ಅಂತ ಇನ್ನೊಂದು ಹೋಗುತ್ತೆ. ಹಾಗೆ ಒಟ್ಟು ನಾಲ್ಕು.”

“ಉತ್ತರ ಕೊಡೋಕೆ ಆಳಿಗೆ ಬಹಳ ಹೊತ್ತಾಗುತ್ತಾ?”

“ಎಲ್ಲಾ ಕ್ಲಿನಿಕ್ಕಿನ ದಾಖಲೆ ಮುಟ್ಟಿ ನೋಡಿ ಬರಬೇಕಲ್ಲ. ಹತ್ತು ಮೆಸೇಜಿನಷ್ಟು ಹೊತ್ತು.” ಇಷ್ಟನ್ನು ಹೇಳಿ, ಎರಡು ದಿನದ ಮಾತನ್ನು ಒಮ್ಮೆಗೇ ವ್ಯಯಿಸಿದ ಆಯಾಸದಿಂದ ಅವರು ಚಹಾಕ್ಕೆ ಹೋದರು.

ಪ್ರತಿ ಗೆರೆಯ ಕೊನೆಯಲ್ಲಿ ಕಳುಹಿಸಿದವರ ಗುರುತಿತ್ತು. ಇಂಜಿನಿಯರು ತಮ್ಮ ನೆಮ್ಮದಿಗಾಗಿ ತಾನಾಗಿಯೇ ಹೊರಡುವಂತೆ ಇಟ್ಟಿದ್ದವು ತೊಂಬತ್ತಾರು. ಮಾಲೀಕರವು ಎಪ್ಪತ್ತೆರಡು. ಮಾಲೀಕರ ಹೆಂಡತಿಯವು ಮೂವತ್ತಾರು. ಉಳಿದ ಇನ್ನೂರ ನಲವತ್ತೆಂಟೂ ಅಕ್ಕನವು. ಮೂರು ನಿಮಿಷಕ್ಕೊಮ್ಮೆ, ಚಹಾ ಕುಡಿಯುವಾಗ ಎಡಗೈಯಿಂದ, ಆಕೆ ವಿಚಾರಿಸಿದ್ದಳು. ಉತ್ತರ ತಡವಾದಷ್ಟೂ ಆತಂಕ ಹೆಚ್ಚಿ ಮತ್ತೆ ಒತ್ತಿದ್ದಳು. ಒತ್ತಿದಷ್ಟೂ ಉತ್ತರ ತಡವಾಗಿತ್ತು. ಆ ಅಂಚೆ ನೌಕರರ ಮುಖದ ಎರಡನೆಯ ಪಕ್ಕವನ್ನು ಮರಗಟ್ಟಿಸಿದವಳು ತಾನೇ.

ಅಕ್ಕನ ಮನೆಯು ಗಂಡನ ಗಡಿಯಾರ ರಿಪೇರಿಯ ಅಂಗಡಿಯ ಮೇಲಿನ ಎರಡು ಕೋಣೆ. ಆ ಸಂಜೆ ಆಕೆ ಹಾಳೆಗಳನ್ನು ಎದೆಗೊತ್ತಿಕೊಂಡು ಮೆಟ್ಟಿಲೇರಿ ಬಂದಾಗ, ಅತ್ತೆ ಮಂಚದ ಮೇಲೆ ಕುಳಿತು ಬಟಾಣಿ ಸುಲಿಯುತ್ತಿದ್ದರು. ಗಂಡನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯುವುದನ್ನೇ ಮರೆತು ಚಹಾ ಕುಡಿಯುತ್ತಿದ್ದನು.

“ಇನ್ನೂರ ನಲವತ್ತೆಂಟು,” ಎಂದು ಅಕ್ಕ ಬಾಗಿಲಲ್ಲೇ ಹೇಳಿದಳು.

“ಏನೇ ಅದು, ಚಪ್ಪಲಿ ಬಿಡೋಕ್ ಮುಂಚೆ ಲೆಕ್ಕ?” ಎಂದರು ಅತ್ತೆ.

ಅಕ್ಕ ಎಲ್ಲವನ್ನೂ ಹೇಳಿದಳು. ಗಂಡನು ಭೂತಗನ್ನಡಿಯ ಕಣ್ಣಿನಿಂದ ಹಾಳೆಗಳನ್ನು ನೋಡಿ ಗಂಭೀರನಾದನು.

“ನಿನ್ ಗುರುತು ಇರೋ ಹಾಳೆ ಹರಿದುಹಾಕು. ಆ ಇಂಜಿನಿಯರ್‌ದು ತೊಂಬತ್ತಾರು ಇದೆಯಲ್ಲ, ಅದನ್ನ ತೋರಿಸು. ಸಾಕು.”

“ಅಯ್ಯೋ, ದೇವರು ಮೆಚ್ತಾನೇನ್ರೀ?”

“ದೇವರು ಹೋಗಿ ನಿಮ್ಮ ಮಾಲೀಕನಿಗೆ ಹೇಳಲ್ಲ ಕಣೇ.”

“ನನಗೆ ಹೇಳ್ತಾನಲ್ಲ, ದಿನಾ.”

ಅತ್ತೆ ಬಟಾಣಿಯ ಸಿಪ್ಪೆಯನ್ನು ಬದಿಗಿಟ್ಟು ತೀರ್ಪು ಕೊಟ್ಟರು: “ಹೇಳಿದ್ರೆ ಇವಳ ಕೆಲಸ ಹೋಗುತ್ತೆ. ಹೇಳ್ದೆ ಇದ್ರೆ ಇವಳ ನಿದ್ದೆ ಹೋಗುತ್ತೆ. ಕೆಲಸ ಹೋದ್ರೆ ಇಡೀ ದಿನ ಮನೇಲಿರ್ತಾಳೆ, ಆಗ ನನ್ನ ನಿದ್ದೆ ಹೋಗುತ್ತೆ. ಹರಿದುಹಾಕಮ್ಮ.”

“ಅತ್ತೆ, ನೀವೂ ಹಾಗಂತೀರಾ?”

“ನನಗೆ ಎಂಬತ್ತು ಆಯ್ತು. ಈ ವಯಸ್ಸಲ್ಲಿ ನಿನ್ನ ಗಂಟಲು ದಿನಪೂರ್ತಿ ತಡ್ಕೊಳೋಕೆ ಆಗುತ್ತಾ? ನೀನೇ ಹೇಳು.”

ಸುಳ್ಳನ್ನು ಆಡುವುದು ಬೇರೆ, ಸತ್ಯವನ್ನು ಹರಿದು ಕಸದ ಬುಟ್ಟಿಗೆ ಹಾಕುವುದು ಬೇರೆ ಎಂದು ವಾದಿಸಬಲ್ಲ ಪಂಡಿತರು ಲೋಕದಲ್ಲಿದ್ದಾರೆ. ಅಕ್ಕ ಅಷ್ಟು ಓದಿರಲಿಲ್ಲ. ಗುರುವಾರ ಬೆಳಿಗ್ಗೆ ಹದಿನಾರು ಹಾಳೆಗಳೂ ಮಾಲೀಕರ ಮೇಜಿನ ಮೇಲಿದ್ದುವು.

ಮಾಲೀಕರು ಓದಿದರು. ಅವರ ಮುಖದಲ್ಲಿ ಮೊದಲು ವಿಸ್ಮಯವೂ ಅನಂತರ ಆನಂದವೂ ಕಾಣಿಸಿಕೊಂಡುವು.

“ಅಂದ್ರೆ ಅಕ್ಕಾ, ನಿಮ್ಮನ್ನ ಇಲ್ಲಿಂದ ಎಬ್ಬಿಸಿದ್ರೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಸಾಲು ಕಡಿಮೆ ಆಗುತ್ತೆ!”

“ಹೌದು ಸಾರ್,” ಎಂದಳು ಅಕ್ಕ. ಲೆಕ್ಕವು ಸರಿಯಾಗಿತ್ತು, ಕಣ್ಣಲ್ಲಿ ಬಂದ ನೀರು ಲೆಕ್ಕಕ್ಕೆ ಸೇರಿದುದಾಗಿರಲಿಲ್ಲ. “ಮುಂದಿನ ಹಾಳೆಗಳನ್ನೂ ನೋಡಿ ಸಾರ್.”

ಮುಂದಿನ ಹಾಳೆಗಳಲ್ಲಿ ಮಾಲೀಕರ ಎಪ್ಪತ್ತೆರಡಿತ್ತು. ಅವರು ಕೆಮ್ಮಿದರು. “ನಾನು ಕಾರು ಓಡಿಸೋವಾಗ ಒತ್ತೋದೇ ಇಲ್ಲ,” ಎಂದು, ಯಾರೂ ಹೊರಿಸದ ಆಪಾದನೆಯನ್ನು ನಿರಾಕರಿಸಿದರು.

“ಆಗ ಮನೆಯವರ ಕೈಲಿ ಒತ್ತಿಸ್ತೀರಿ. ಮೂವತ್ತಾರು,” ಎಂದರು ಇಂಜಿನಿಯರು.

“ನಿಮ್ದು ತೊಂಬತ್ತಾರು ಇದೆಯಲ್ರೀ!”

“ನಾನು ಒತ್ತಿಲ್ಲ. ಅದೇ ಹೋಗುತ್ತೆ.”

“ಅದನ್ನ ಹೋಗೋ ಹಾಗೆ ಮಾಡಿದ್ದು ಯಾರು, ನಮ್ಮತ್ತೇನಾ?” ಎಂದಳು ಅಕ್ಕ, ಕಣ್ಣೊರಸಿಕೊಳ್ಳುತ್ತ.

ಹತ್ತೂವರೆಗೆ ಬಟನ್ನನ್ನು ಮೂರೂ ಕಡೆಯಿಂದ ಕಿತ್ತುಹಾಕಿ, ಇಂಜಿನಿಯರ ತಾನಾಗಿ ಹೊರಡುವ ವಿಚಾರಣೆಯನ್ನೂ ನಿಲ್ಲಿಸಲಾಯಿತು. ಸಾಲಿನಲ್ಲಿದ್ದ ವಿಚಾರಣೆಗಳನ್ನೆಲ್ಲ ಅಳಿಸಲಾಯಿತು. ಹನ್ನೊಂದು ಗಂಟೆಯೊಳಗೆ ಸಾಲು ಬರಿದಾಗಿ, ಮೆಸೇಜುಗಳು ಏಳು ಸೆಕೆಂಡಿಗೆ ಹೋಗತೊಡಗಿದುವು. ಮಾಲೀಕರು ಅಲಾರಮ್ಮಿನವನಿಗೆ ಫೋನು ಮಾಡಿ, ಸೋಮವಾರ ಬಂದು ಜೋಡಿಸುವಂತೆ ತಿಳಿಸಿದರು. ಬಾಗಿಲು ತೆರೆದೇ ಇದ್ದುದರಿಂದ ಅಕ್ಕನಿಗೆ ಅದು ಕೇಳಿಸಿತು. ಆಕೆ ಆ ದಿನವೆಲ್ಲ ತನ್ನ ಬಲಗೈಯ ಮೇಲೆ ತಾನೇ ಕುಳಿತು ಪರದೆಯನ್ನು ನೋಡಿದಳು.

ಶುಕ್ರವಾರ ಡಾಕ್ಟರಮ್ಮ ಬಂದರು. ಎತ್ತರದ ಆಳು, ಎದುರಿಗಿದ್ದವರು ಬಾಯಿ ತೆರೆದರೆ ಮಾತಿಗಿಂತ ಮೊದಲು ಹಲ್ಲನ್ನು ಗಮನಿಸುವ ಅಭ್ಯಾಸದವರು. ಮೂರು ಮೆಸೇಜುಗಳನ್ನು ತಮ್ಮ ಫೋನಿಗೇ ಕಳುಹಿಸಿಕೊಂಡು ನೋಡಿದರು. ಮೂರೂ ಏಳು ಸೆಕೆಂಡು.

“ಈಗ ಸರಿಯಾಗಿದೆ. ಮುಂಚೆ ಏನಾಗಿತ್ತು?”

“ಅದು ಮೇಡಂ, ನಾವು ಸರ್ವರ್ ಬಾಡಿಗೆಗೆ ತಗೋತೀವಲ್ಲ, ಅವರ ಕಡೆ ಸ್ವಲ್ಪ...” ಎಂದು ಮಾಲೀಕರು ಪ್ರಾರಂಭಿಸಿದರು.

ಚಕ್ರದ ಕುರ್ಚಿ ಕಿರ್ರೆಂದಿತು. ಅಕ್ಕ ಎದ್ದು ನಿಂತಿದ್ದಳು. ಸುಮ್ಮನಿದ್ದರೆ ಸೋಮವಾರದವರೆಗಾದರೂ ಅದು ಆಕೆಯದು. ಸುಮ್ಮನಿರಲು ಆಕೆ ನಿಜವಾಗಿಯೂ ಪ್ರಯತ್ನಿಸಿದ್ದಳು.

“ಅವರ ಕಡೆ ಏನೂ ಇಲ್ಲ ಡಾಕ್ಟರಮ್ಮ. ಸಾಲು ಹೇಗಿದೆ ಅಂತ ನಾನೇ ಕೇಳಿ ಕೇಳಿ ಸಾಲು ಕೆಡಿಸಿಟ್ಟೆ. ನಿಮ್ಮ ರೋಗಿಗಳ ಮೆಸೇಜು ನನ್ನ ಪ್ರಶ್ನೆಗಳ ಹಿಂದೆ ನಿಂತಿತ್ತು. ಆ ಪೋಸ್ಟಿನವರಿಗೆ ನನ್ನ ಪರವಾಗಿ ಕ್ಷಮೆ ಕೇಳಿ.”

ಮಾಲೀಕರು ಕಣ್ಣು ಮುಚ್ಚಿಕೊಂಡರು.

“ಎಷ್ಟು ಪ್ರಶ್ನೆ?” ಎಂದರು ಡಾಕ್ಟರಮ್ಮ.

“ನಂದು ಇನ್ನೂರ ನಲವತ್ತೆಂಟು. ಬೇರೆಯವರದು ಅವರೇ ಹೇಳ್ತಾರೆ.”

ಇಂಜಿನಿಯರು ಕೀಬೋರ್ಡಿನ ಧೂಳನ್ನು ಊದತೊಡಗಿದರು.

“ಕಂಡುಹಿಡಿದದ್ದು ಯಾರು?”

“ಅದೂ ನಾನೇ. ಒಂದೊಂದನ್ನೂ ಓದಿದೆ.”

ಡಾಕ್ಟರಮ್ಮ ಮಾಲೀಕರ ಕಡೆ ತಿರುಗಿದರು. “ಇವರ ಜಾಗಕ್ಕೆ ಅದೇನೋ ಅಲಾರಂ ಹಾಕ್ತೀನಿ ಅಂತ ನನಗೆ ಫೋನಲ್ಲಿ ಹೇಳಿದ್ರಲ್ಲ?”

“ಹೌದು ಮೇಡಂ, ಒಳ್ಳೇ ಅಲಾರಂ. ಸಾಲು ಬೆಳೆದ ತಕ್ಷಣ ಹೊಡ್ಕೊಳ್ಳುತ್ತೆ.”

“ಹೊಡ್ಕೊಳ್ಳುತ್ತೆ. ‘ನಾನೇ ಮಾಡಿದ್ದು’ ಅಂತ ಹೇಳುತ್ತಾ?”

ಮಾಲೀಕರು ಇಂಜಿನಿಯರ ಮುಖವನ್ನು ನೋಡಿದರು. ಇಂಜಿನಿಯರು ಪ್ರಾಮಾಣಿಕರು. “ಅಂಥದ್ದು ಇನ್ನೂ ಬಂದಿಲ್ಲ,” ಎಂದರು.

“ಹಾಗಾದ್ರೆ ಬರೋವರೆಗೆ ಇವರೇ ಇರ್ಲಿ. ನನ್ನ ಹನ್ನೆರಡು ಕ್ಲಿನಿಕ್ಕಲ್ಲಿ ಕೇಳಿ ನೋಡಿ, ಕೈ ತಪ್ಪಾಯ್ತು ಅಂತ ಒಬ್ಬರು ಒಪ್ಕೊಂಡಿದ್ದು ನಾನು ನೋಡಿಲ್ಲ. ಎಲ್ಲಾ ಹಲ್ಲಿಂದೇ ತಪ್ಪು.” ಹೊರಡುವ ಮುನ್ನ ಡಾಕ್ಟರಮ್ಮ ಅಕ್ಕನನ್ನು ದಿಟ್ಟಿಸಿ ನೋಡಿ, “ಮೇಲಿನ ಎಡಗಡೆ ದವಡೆ ಹಲ್ಲು ತೋರಿಸ್ಕೊಳ್ಳಿ,” ಎಂದು ಹೇಳಿ ಹೋದರು.

ಅಲಾರಮ್ಮಿನವನಿಗೆ ಬರಬೇಡವೆಂದು ಫೋನು ಹೋಯಿತು. ಹೊಸ ಕಟ್ಟಳೆ ಏರ್ಪಟ್ಟಿತು: ಬಟನ್ನು ಯಾರಿಗೂ ಇಲ್ಲ, ಅಕ್ಕ ದಿನಕ್ಕೆ ಎರಡು ಸಲ ಸಾಲಿನಲ್ಲಿರುವುದನ್ನು ಗೆರೆಗೆರೆಯಾಗಿ ಓದಬೇಕು, ಡಾಕ್ಟರಮ್ಮನ ಕಡೆಯ ವಿಚಾರಣೆಗೆ ಅಕ್ಕನೇ ಫೋನಿನಲ್ಲಿ ಉತ್ತರ ಹೇಳಬೇಕು. ಮನೆಯಲ್ಲಿ ಅತ್ತೆ ಈ ಸುದ್ದಿಯನ್ನು ಕೇಳಿ, ಎಂದೂ ಇಲ್ಲದ ಅಕ್ಕರೆಯಿಂದ ಸೊಸೆಯ ತಲೆ ಸವರಿದರು.

ಸೋಮವಾರ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಅಕ್ಕ ಮೊದಲನೆಯ ಹಾಳೆಯ ಮೇಲೆ ಪೆನ್ಸಿಲಿಟ್ಟಾಗ, ಫೋನು ಹೊಡೆದುಕೊಂಡಿತು. ಡಾಕ್ಟರಮ್ಮ. ಎಲ್ಲವೂ ಸರಿಯಾಗಿ ಹೋಗುತ್ತಿದೆಯೇ ಎಂದು ಕೇಳಿದರು. ಹೋಗುತ್ತಿದೆ ಎಂದಳು. ಒಂಬತ್ತೂ ಇಪ್ಪತ್ತಕ್ಕೆ ಮತ್ತೆ ಬಂದಿತು. ಒಂಬತ್ತೂ ಇಪ್ಪತ್ತೈದಕ್ಕೆ ಇನ್ನೊಮ್ಮೆ.

“ಏನಮ್ಮಾ, ಎಷ್ಟು ಗೆರೆ ಓದಿದ್ರಿ?”

“ಮೂರು ಡಾಕ್ಟರಮ್ಮ.”

“ಮೂರೇನಾ? ಯಾಕೆ ಇಷ್ಟು ನಿಧಾನ?”

“ಒಂದು ಗೆರೆ ಓದಿದ್ ತಕ್ಷಣ ನೀವು ಫೋನ್ ಮಾಡ್ತೀರಲ್ಲ,” ಎಂದಳು ಅಕ್ಕ.

ಆ ಕಡೆ ಯಾರೋ ರೋಗಿ ಬಾಯಿ ಮುಕ್ಕಳಿಸುವುದು ಕೇಳಿಸಿತು. ಆಮೇಲೆ ಡಾಕ್ಟರಮ್ಮ ಮೆಲ್ಲಗೆ ಫೋನಿಟ್ಟರು. ಅಕ್ಕ ನಾಲ್ಕನೆಯ ಗೆರೆಗೆ ಪೆನ್ಸಿಲನ್ನು ಸರಿಸಿದಳು.